ದಿನಕ್ಕೆ ಎರಡಾಣೆ ಕೂಡಿಡಲು ಕಲಿಸಿದ ಡಾಕ್ಟರು: ಟಿ.ಎಂ.ಎ. ಪೈ

ಪಿಗ್ಮಿ ಅನ್ನೋ ಮಾತು ಕೇಳದವರು ನಮ್ಮೂರಲ್ಲಿ ಯಾರೂ ಇಲ್ಲ. ಗೂಡಂಗಡಿಯವರು, ಹೋಟ್ಲಿನವರು, ಹೊಲಿಗೆ ಮೆಷಿನ್ನಿನ ಮುಂದೆ ಕೂತ ಹೆಣ್ಣುಮಕ್ಕಳು ಎಲ್ಲರೂ ಪಿಗ್ಮಿ ಕಟ್ಟಿದವರೇ. ಆದರೆ ಈ ಪದ್ಧತಿಯನ್ನು ನಮ್ಮ ಕನ್ನಡ ನಾಡಿನಲ್ಲೇ, ಅದೂ ಒಬ್ಬ ಡಾಕ್ಟರು ಚಾಲ್ತಿಗೆ ತಂದರು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಸಂಘದ ಬೆಳ್ಳಿ ಹಬ್ಬದ ಈ ಸಮಯದಲ್ಲಿ ಆ ಮಹನೀಯರ ಜೀವನವನ್ನು ಸದಸ್ಯ ಬಾಂಧವರ ಮುಂದೆ ಇಡುವುದು ಸೂಕ್ತವೆಂದು ಭಾವಿಸಿದ್ದೇನೆ.

ತೋನ್ಸೆ ಮಾಧವ ಅನಂತ ಪೈ ಅವರು ಹುಟ್ಟಿದ್ದು 1898ರ ಏಪ್ರಿಲ್ 30ರಂದು, ಉಡುಪಿ ಹತ್ತಿರದ ಕಲ್ಯಾಣಪುರದಲ್ಲಿ. ಆಗ ಆ ಜಿಲ್ಲೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಮದರಾಸಿನಲ್ಲಿ ವೈದ್ಯ ವಿದ್ಯೆ ಕಲಿತು ಉಡುಪಿಗೆ ಬಂದು ಡಾಕ್ಟರಿಕೆ ಶುರು ಮಾಡಿದರು. ಆ ಸೀಮೆಯಲ್ಲಿ ಬ್ಯಾಂಕು ಹೊಸದೇನಲ್ಲ. 1906ರಲ್ಲೇ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಇಂದಿನ ಕೆನರಾ ಬ್ಯಾಂಕಿನ ಮೂಲವಾದ ನಿಧಿಯನ್ನು ಸ್ಥಾಪಿಸಿದ್ದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು, ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದ ಸಂಸ್ಥೆಯನ್ನು ಕಟ್ಟಿದ್ದರು. ಆದರೂ ದಿನಗೂಲಿಯವನು, ಮೀನು ಮಾರುವವಳು ಬ್ಯಾಂಕಿನ ಮೆಟ್ಟಿಲು ಹತ್ತುವುದು ಸುಲಭವಿರಲಿಲ್ಲ. ಕೈಲಿ ನಾಲ್ಕಾಣೆ ಹಿಡಿದುಕೊಂಡು ಹೋದವನನ್ನು ಅಲ್ಲಿ ಕೂರಿಸಿ ಮಾತಾಡಿಸೋರು ಯಾರು?

ಒಂದು ಮನೆಯ ಒಳಗಿನ ಪರಿಸ್ಥಿತಿ ಡಾಕ್ಟರಿಗೆ ತಿಳಿದಷ್ಟು ನೆಂಟರಿಗೂ ತಿಳಿಯಲ್ಲ. ಕಾಯಿಲೆ ಹೇಳಿ ಕೇಳಿ ಬರೋದಿಲ್ಲ. ಬಂದಾಗ ಮನೇಲಿ ದುಡ್ಡಿರೋದಿಲ್ಲ. ಆಗ ಕಿವಿಯ ಓಲೆ ಹೋಗುತ್ತೆ, ಇಲ್ಲವೇ ಬಡ್ಡಿ ಸಾಲ ಬರುತ್ತೆ. ಕಾಯಿಲೆ ವಾಸಿಯಾದರೂ ಸಾಲ ವಾಸಿಯಾಗಲ್ಲ. ಇಂಥ ಜನರ ನಡುವೆಯೇ ಪೈ ಅವರ ವೃತ್ತಿ.

ಆ ಕಾಲಕ್ಕೆ ಕರಾವಳಿಯ ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದರು. ಮಗ್ಗ ಇದೆ, ಕೈಲಿ ಕಸುಬಿದೆ, ಬಂಡವಾಳ ಇಲ್ಲ. ಇವರಿಗೆ ಆಸರೆಯಾಗಲೆಂದು 1925ರಲ್ಲಿ ಉಡುಪಿಯಲ್ಲಿ ಮೂರು ಜನ ಸೇರಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆ ತೆರೆದರು. ವ್ಯಾಪಾರಸ್ಥರಾದ ಅಣ್ಣ ಉಪೇಂದ್ರ ಅನಂತ ಪೈ, ಇಂಜಿನಿಯರ್ ವಾಮನ ಶ್ರೀನಿವಾಸ ಕುಡ್ವ ಮತ್ತು ಡಾಕ್ಟರ್ ಪೈ ಈ ಮೂವರು. ಮೂಲ ಬಂಡವಾಳ 8,000 ರೂಪಾಯಿ. ಊರ ಜನರ ಸಣ್ಣ ಉಳಿತಾಯ ಒಟ್ಟು ಮಾಡಿ, ಊರಿನ ಕಸುಬುದಾರರಿಗೇ ಸಾಲವಾಗಿ ಕೊಡುವುದು ಅವರ ಉದ್ದೇಶ. ನಮ್ಮ ಸಹಕಾರ ಸಂಘ ಮಾಡೋ ಕೆಲಸವೂ ಬಹುಪಾಲು ಇದೇ ಅಲ್ಲವೇ?

ಆದರೆ ಉಳಿತಾಯ ತಾನಾಗಿ ನಡೆದು ಬರೋದಿಲ್ಲ. ಅದಕ್ಕೆ 1928ರಲ್ಲಿ ಪಿಗ್ಮಿ ಠೇವಣಿ ಶುರುವಾಯಿತು. ಪಿಗ್ಮಿ ಅಂದರೆ ತೀರಾ ಚಿಕ್ಕದು ಅಂತ ಅರ್ಥ. ಬ್ಯಾಂಕಿನ ಏಜೆಂಟನೇ ದಿನಾ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಹೋಗಬೇಕು. ಕೊಟ್ಟವರಿಂದ ಎರಡಾಣೆಯಾದರೂ ಸರಿ, ತಗೊಂಡು ಲೆಕ್ಕ ಬರೆದುಕೊಳ್ಳಬೇಕು.

ಎರಡಾಣೆ ಏನು ಮಹಾ ಅನ್ನಬಹುದು. ಲೆಕ್ಕ ಹಾಕಿ ನೋಡೋಣ. ರೂಪಾಯಿಗೆ ಹದಿನಾರಾಣೆ. ದಿನಕ್ಕೆ ಎರಡಾಣೆ ಅಂದರೆ ಮೂವತ್ತು ದಿನಕ್ಕೆ 3 ರೂಪಾಯಿ 12 ಆಣೆ. ವರ್ಷಕ್ಕೆ 45 ರೂಪಾಯಿ 10 ಆಣೆ. ಐದು ವರ್ಷಕ್ಕೆ ಬಡ್ಡಿ ಬಿಟ್ಟು 228 ರೂಪಾಯಿ 2 ಆಣೆ. 8,000 ರೂಪಾಯಿಯಲ್ಲಿ ಬ್ಯಾಂಕೇ ಹುಟ್ಟಿದ ಕಾಲ ಅದು. ಆಗ 228 ರೂಪಾಯಿ ಒಂದು ಬಡ ಸಂಸಾರಕ್ಕೆ ಎಷ್ಟು ದೊಡ್ಡ ಗಂಟು ಎಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಪೈ ಅವರ ಯೋಜನೆಯಲ್ಲಿ ನಾವು ಗಮನಿಸಬೇಕಾದ್ದು ಮೂರು. ಒಂದನೆಯದು, ದಿನಾ ದುಡಿಯುವವನು ದಿನಾನೇ ಉಳಿಸಬೇಕು. ತಿಂಗಳ ಕೊನೆಗೆ ಮಿಕ್ಕಿದ್ದು ಉಳಿಸ್ತೀನಿ ಅಂದರೆ ಮಿಕ್ಕೋದು ಏನೂ ಇಲ್ಲ. ಎರಡನೆಯದು, ಅಲ್ಲಿಯವರೆಗೆ ಬಡವನ ಬಾಗಿಲಿಗೆ ದುಡ್ಡಿನ ವಿಚಾರಕ್ಕೆ ಬರುತ್ತಿದ್ದವನು ಸಾಲ ವಸೂಲಿಯವನು. ಈಗ ಅದೇ ಬಾಗಿಲಿಗೆ ಅವನದೇ ದುಡ್ಡು ಅವನ ಹೆಸರಿಗೆ ಜಮಾ ಮಾಡೋನು ಬಂದ. ಬಾಗಿಲು ಒಂದೇ, ಬಂದವನು ಬೇರೆ. ಮೂರನೆಯದು, ಮನೆಯ ಹೆಂಗಸರು ಸಾಸಿವೆ ಡಬ್ಬಿಯಲ್ಲಿ ಬಚ್ಚಿಡುತ್ತಿದ್ದ ಪುಡಿಗಾಸಿಗೆ ಒಂದು ಪುಸ್ತಕ, ಒಂದು ಲೆಕ್ಕ, ಒಂದಿಷ್ಟು ಬಡ್ಡಿ ಸಿಕ್ಕಿತು.

ಹನಿ ಹನಿ ಕೂಡಿ ಹಳ್ಳವಾಯಿತು. ಆ ಬ್ಯಾಂಕು 1960ರ ದಶಕದಲ್ಲಿ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, ಮಣಿಪಾಲದಿಂದಲೇ ದೇಶದ ಉದ್ದಗಲಕ್ಕೂ ಶಾಖೆ ಹಬ್ಬಿಸಿತು. 1969ರ ಜುಲೈ 19ರಂದು ರಾಷ್ಟ್ರೀಕರಣವಾದ 14 ಬ್ಯಾಂಕುಗಳಲ್ಲಿ ಅದೂ ಒಂದು. 2020ರ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹೆಸರು ಹೋಯಿತು, ಪಿಗ್ಮಿ ಮಾತ್ರ ಸಹಕಾರ ಸಂಘಗಳ ಮೂಲಕ ಹಳ್ಳಿ ಹಳ್ಳಿಗಳಲ್ಲಿ ಉಳಿದಿದೆ.

ಪೈ ಅವರು ಬ್ಯಾಂಕಿಗೇ ನಿಲ್ಲಲಿಲ್ಲ. ಮಣಿಪಾಲ ಆಗ ಗಿಡಮರವಿಲ್ಲದ ಬೋಳು ಗುಡ್ಡ. ಅಲ್ಲಿ 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸ್ಥಾಪಿಸಿದರು. 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದರು. ಖಾಸಗಿಯವರು ಮೆಡಿಕಲ್ ಕಾಲೇಜು ನಡೆಸೋದು ಆಗ ಸಣ್ಣ ಮಾತಲ್ಲ. ಒಂದೊಂದಾಗಿ ಗುರಿ ಇಟ್ಟುಕೊಂಡು, ಅದಕ್ಕೆ ಬೇಕಾದ ಹಣ ಹೊಂದಿಸಿಕೊಂಡು, ಮುಂದಿನದಕ್ಕೆ ಕೈ ಹಾಕಿದವರು ಅವರು. ಭಾರತ ಸರ್ಕಾರ 1972ರಲ್ಲಿ ಪದ್ಮಶ್ರೀ ನೀಡಿ ಗೌರವಿಸಿತು. 1979ರ ಮೇ 29ರಂದು ಅವರು ತೀರಿಕೊಂಡರು.

ಈಗ ನಮ್ಮ ವಿಷಯಕ್ಕೆ ಬರೋಣ. ರೈತನ ಆದಾಯ ದಿನಗೂಲಿಯ ಹಾಗಲ್ಲ. ಬೆಳೆ ದುಡ್ಡು ವರ್ಷಕ್ಕೊಮ್ಮೆ ಬರುತ್ತೆ, ಹಬ್ಬ ಮದುವೆ ಅಂತ ಮೂರು ತಿಂಗಳಲ್ಲಿ ಕರಗುತ್ತೆ. ಆದರೆ ಹಾಲಿನ ಬಟವಾಡೆ, ಕೋಳಿ, ಸೊಪ್ಪು ತರಕಾರಿ ಇವುಗಳಿಂದ ಸಣ್ಣ ಕಾಸು ವರ್ಷವಿಡೀ ಓಡಾಡುತ್ತಿರುತ್ತೆ. ಉಳಿತಾಯ ಹುಟ್ಟಬೇಕಾದ್ದು ಈ ಸಣ್ಣ ಕಾಸಿನಲ್ಲಿ. ಮುಂಗಾರಿನ ಬೀಜ ಗೊಬ್ಬರಕ್ಕೆ 9,000 ರೂಪಾಯಿ ಬೇಕು ಅಂತಿಟ್ಟುಕೊಳ್ಳಿ. ಆಗಸ್ಟ್ ಒಂದರಿಂದ ಮೇ ಕೊನೆಯವರೆಗೆ 304 ದಿನ. ದಿನಕ್ಕೆ 30 ರೂಪಾಯಿ ಕಟ್ಟಿದರೆ 9,120 ಆಯಿತು. ಮಳೆ ಬಿದ್ದ ದಿನ ಯಾರ ಮನೆ ಬಾಗಿಲಿಗೂ ಹೋಗಬೇಕಾಗಿಲ್ಲ.

ಹಾಗಾಗಿ ಬರೀ ಉಳಿತಾಯ ಅಂದರೆ ಸಾಲದು. ಯಾತಕ್ಕೆ, ಎಷ್ಟು, ಯಾವಾಗ ಎಂಬ ಮೂರು ಮಾತು ಗಂಡ ಹೆಂಡತಿ ಕೂತು ತೀರ್ಮಾನಿಸಿಕೊಳ್ಳಬೇಕು. ಗೊಬ್ಬರದ ದುಡ್ಡು ಗೊಬ್ಬರಕ್ಕೇ, ಮಕ್ಕಳ ಫೀಜಿನ ದುಡ್ಡು ಫೀಜಿಗೇ. ಹೆಸರಿಲ್ಲದ ದುಡ್ಡಿಗೆ ಖರ್ಚು ಬೇಗ ಅಂಟಿಕೊಳ್ಳುತ್ತೆ. ಕಾಯಿಲೆಗೆ ಅಂತ ಒಂದು ಭಾಗ ಬೇರೆ ಇರಲೇಬೇಕು.

ಕೆಲವು ಎಚ್ಚರಿಕೆಯ ಮಾತೂ ಹೇಳಬೇಕು. ದಿನಾ ಮನೆಗೆ ಬಂದು ಸಂಗ್ರಹಿಸೋ ಖರ್ಚು, ಏಜೆಂಟರ ಕಮಿಷನ್ ಇರುವುದರಿಂದ ಪಿಗ್ಮಿಗೆ ಬಡ್ಡಿ ಸಾಮಾನ್ಯವಾಗಿ ಕಮ್ಮಿ. ಆದ್ದರಿಂದ ಮೊತ್ತ ದೊಡ್ಡದಾದ ಮೇಲೆ ಅದನ್ನು ಮುದ್ದತು ಠೇವಣಿಗೆ ಹಾಕುವುದು ಲಾಭ. ಏಜೆಂಟ್ ಎಷ್ಟೇ ಪರಿಚಯದವನಾದರೂ ಕೊಟ್ಟ ಕೂಡಲೇ ರಸೀದಿ ಪಡೆಯಿರಿ, ತಿಂಗಳಿಗೊಮ್ಮೆ ಕಚೇರಿಗೆ ಬಂದು ಲೆಕ್ಕ ತಾಳೆ ನೋಡಿ. ಇದು ಅನುಮಾನವಲ್ಲ, ಕ್ರಮ. ಇನ್ನು ಪಿಗ್ಮಿ ಮೇಲೆ ಸಾಲ ಸಿಗುತ್ತೆ ಅಂತ ಟಿ.ವಿ., ಮೊಬೈಲಿಗೆಲ್ಲ ಸಾಲ ಎತ್ತಿದರೆ ಉಳಿಸಿದವನೂ ನೀವೇ, ಬಡ್ಡಿ ಕಟ್ಟೋನೂ ನೀವೇ ಆಗ್ತೀರಿ.

ಕಾಯಿಲೆಗೆ ಔಷಧಿ ಕೊಡೋದು ಡಾಕ್ಟರ ಧರ್ಮ. ಪೈ ಅವರು ಅದರ ಜೊತೆಗೆ ಬಡತನಕ್ಕೂ ಒಂದು ಔಷಧಿ ಕೊಟ್ಟರು, ದಿನಕ್ಕೆ ಒಂದೇ ಗುಳಿಗೆ, ತಪ್ಪದೆ ತಗೋಬೇಕಾದ್ದು. ಸಂಘದ ಮುಂದಿನ ಇಪ್ಪತ್ತೈದು ವರ್ಷದಲ್ಲಿ ಪ್ರತಿ ಸದಸ್ಯರ ಮನೆಯಲ್ಲೂ ಸಾಲದ ಪುಸ್ತಕದ ಪಕ್ಕದಲ್ಲಿ ಒಂದು ಉಳಿತಾಯದ ಪುಸ್ತಕ ಇರಲಿ ಎಂದು ಹಾರೈಸುತ್ತಾ ನನ್ನ ಎರಡು ಮಾತು ಮುಗಿಸುತ್ತೇನೆ.

ಜೈ ಸಹಕಾರ.