ಬಫೆಟ್ಟರ ಮೇಷ್ಟ್ರು

ಈಗ ನಮ್ಮ ಹಾಸ್ಟೆಲಿನಲ್ಲಿ ಡಿಮ್ಯಾಟ್ ಖಾತೆ ಇಲ್ಲದವರನ್ನು ಹುಡುಕಬೇಕು. ವಾರೆನ್ ಬಫೆಟ್ ಹೆಸರು ಎಲ್ಲರ ಬಾಯಲ್ಲೂ ಇದೆ. ಆದ್ರೆ ಅವರಿಗೆ ಪಾಠ ಹೇಳಿದ ಬೆಂಜಮಿನ್ ಗ್ರಹಾಂ ಅಂದ್ರೆ ಯಾರು ಅಂತ ಕೇಳಿದ್ರೆ ಉತ್ತರ ಬರೋದು ಕಡಿಮೆ.

ಗ್ರಹಾಂ 1894ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ನ್ಯೂಯಾರ್ಕಿನಲ್ಲಿ ಬೆಳೆದವರು. ಪಿಂಗಾಣಿ ಸಾಮಾನಿನ ವ್ಯಾಪಾರಿಯಾಗಿದ್ದ ಅಪ್ಪ 1903ರಲ್ಲಿ ತೀರಿಕೊಂಡರು, ವ್ಯಾಪಾರವೂ ಮುಳುಗಿತು. 1907ರ ಕುಸಿತದಲ್ಲಿ, ಸಾಲ ಸೇರಿಸಿ ಷೇರು ಕೊಂಡಿದ್ದ ಅಮ್ಮನ ದುಡ್ಡೂ ಹೋಯಿತು. 1914ರಲ್ಲಿ ಕೊಲಂಬಿಯಾದಿಂದ ಹೊರಬಂದಾಗ ಇಂಗ್ಲಿಷ್, ಗಣಿತ, ತತ್ವಶಾಸ್ತ್ರ ಮೂರೂ ವಿಭಾಗಗಳು ಪಾಠ ಮಾಡಲು ಕರೆದವು. (ನಮಗೆ ಒಂದರಲ್ಲೇ ಬ್ಯಾಕ್‌ಲಾಗ್ ಕ್ಲಿಯರ್ ಆಗಲ್ಲ, ಬಿಡಿ.) ಅವರು ಮಾತ್ರ ವಾರಕ್ಕೆ 12 ಡಾಲರ್ ಸಂಬಳಕ್ಕೆ ವಾಲ್ ಸ್ಟ್ರೀಟ್ ಸೇರಿದರು.

ಅವರ ಕೆಲಸದ ರೀತಿ ತಿಳಿಯಲು ನಾರ್ದರ್ನ್ ಪೈಪ್‌ಲೈನ್ ಕಥೆ ಸಾಕು. 1926ರಲ್ಲಿ ಎಣ್ಣೆ ಸಾಗಿಸುವ ಈ ಕಂಪನಿ ಸರ್ಕಾರಿ ಆಯೋಗಕ್ಕೆ ಕೊಟ್ಟ ಲೆಕ್ಕಪತ್ರಗಳನ್ನು ಗ್ರಹಾಂ ವಾಷಿಂಗ್ಟನ್ನಿಗೇ ಹೋಗಿ ಓದಿದರು. ಷೇರಿನ ಬೆಲೆ 65 ಡಾಲರ್ ಆಸುಪಾಸು. ಆದರೆ ಒಂದೊಂದು ಷೇರಿನ ಪಾಲಿಗೆ ಸುಮಾರು 95 ಡಾಲರಿನ ಬಾಂಡುಗಳು ಸುಮ್ಮನೆ ಬಿದ್ದಿದ್ದವು! ಪರ್ಸಿನ ಬೆಲೆಗಿಂತ ಒಳಗಿನ ದುಡ್ಡೇ ಜಾಸ್ತಿ. ಆ ಹಣವನ್ನು ಹಂಚಿ ಎಂದರೆ ಆಡಳಿತದವರು ಒಪ್ಪಲಿಲ್ಲ. ವಾರ್ಷಿಕ ಸಭೆಯಲ್ಲಿ ಅವರ ಸೂಚನೆಯನ್ನು ಅನುಮೋದಿಸಲು ಒಬ್ಬರೂ ಇರಲಿಲ್ಲ. ಮುಂದಿನ ವರ್ಷ ಇತರ ಷೇರುದಾರರ ಮತ ಒಟ್ಟುಮಾಡಿಕೊಂಡು ಬಂದರು, ಎರಡು ನಿರ್ದೇಶಕ ಸ್ಥಾನ ಗೆದ್ದರು. ಕೊನೆಗೆ ಕಂಪನಿ ಷೇರಿಗೆ 70 ಡಾಲರ್ ಹಂಚಿತು.

ಇಷ್ಟು ಬುದ್ಧಿವಂತರೂ 1929ರ ನಂತರ ಪೆಟ್ಟು ತಿಂದರು. ಕುಸಿತ ಮುಗಿಯಿತೆಂದುಕೊಂಡು ಸಾಲದ ಹಣವನ್ನೂ ಹಾಕಿದ್ದರಿಂದ 1932ರ ಹೊತ್ತಿಗೆ 25 ಲಕ್ಷ ಡಾಲರಿನ ನಿಧಿಯಲ್ಲಿ ಸುಮಾರು 70% ಕರಗಿತ್ತು. ಅಮ್ಮನನ್ನು ಮುಳುಗಿಸಿದ ಅದೇ ಸಾಲ. ನಷ್ಟದ ಆ ವರ್ಷಗಳಲ್ಲಿ ಅವರು ಸಂಭಾವನೆ ಮುಟ್ಟಲಿಲ್ಲ.

ಡೇವಿಡ್ ಡಾಡ್ ಜೊತೆ ಬರೆದ 'ಸೆಕ್ಯೂರಿಟಿ ಅನಾಲಿಸಿಸ್' ಬಂದದ್ದು 1934ರಲ್ಲಿ, ಈ ಪೆಟ್ಟಿನ ಬೆನ್ನಿಗೇ. ಅವರ 'ಮಾರ್ಜಿನ್ ಆಫ್ ಸೇಫ್ಟಿ' ಸಿವಿಲ್, ಮೆಕ್ಯಾನಿಕಲ್ ಗೆಳೆಯರಿಗೆ ಹೊಸದಲ್ಲ. 10 ಟನ್ ಲಾರಿ ಓಡಾಡೋ ಸೇತುವೆಯನ್ನು ನಾವು 10 ಟನ್ನಿಗೇ ಕಟ್ಟಲ್ಲ. ಹಾಗೆಯೇ 100 ರೂಪಾಯಿ ಬಾಳುತ್ತೆ ಅನ್ನಿಸಿದ ಷೇರನ್ನು 65ಕ್ಕೆ ಸಿಕ್ಕಾಗ ಕೊಂಡರೆ ಲೆಕ್ಕ ಸ್ವಲ್ಪ ತಪ್ಪಿದರೂ ಬದುಕಬಹುದು.

1949ರ 'ದಿ ಇಂಟೆಲಿಜೆಂಟ್ ಇನ್ವೆಸ್ಟರ್' ಸಣ್ಣ ಹೂಡಿಕೆದಾರರಿಗೆಂದೇ ಬರೆದದ್ದು. ಷೇರಿನಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಬೇಡ, ಮುಕ್ಕಾಲಿಗಿಂತ ಹೆಚ್ಚೂ ಬೇಡ, ಉಳಿದದ್ದು ಬಾಂಡಿನಲ್ಲಿರಲಿ. 10ರಿಂದ 30 ದೊಡ್ಡ, ಸಾಲ ಕಡಿಮೆಯಿರುವ ಕಂಪನಿಗಳು ಸಾಕು. ಪಾಕೆಟ್‌ಮನಿಯಲ್ಲಿ ಫ್ಯೂಚರ್ಸ್, ಆಪ್ಷನ್ಸ್ ಆಡುವವರಿಗೆ ಇದು ಸಪ್ಪೆ ಅನ್ನಿಸುತ್ತೆ. ನಮಗೆ ಇಷ್ಟವಾದದ್ದೇ ಆ ಸಪ್ಪೆತನ.

ಕೊನೆಯ ದಿನಗಳಲ್ಲಿ ಗ್ರಹಾಂ, ಎಲ್ಲರೂ ಕಂಪನಿಗಳನ್ನು ಅಗೆದು ನೋಡುತ್ತಿರುವಾಗ ಒಂದೊಂದನ್ನೇ ಕೆದಕಿ ಸಿಗುವ ಲಾಭ ಕಡಿಮೆ, ಸರಳ ನಿಯಮ ಹಿಡಿದು ಅಗ್ಗದ ಷೇರುಗಳ ಗುಂಪನ್ನೇ ಕೊಳ್ಳುವುದು ಮೇಲು ಎಂದು ತಮ್ಮ ವಿಧಾನವನ್ನೇ ತಿದ್ದಿಕೊಂಡರು. ಅದೇ ವರ್ಷ, 1976ರ ಸೆಪ್ಟೆಂಬರಿನಲ್ಲಿ, ಫ್ರಾನ್ಸಿನಲ್ಲಿ ತೀರಿಕೊಂಡರು.