ರಾಜಮಂತ್ರಪ್ರವೀಣ ಎಚ್. ವಿ. ನಂಜುಂಡಯ್ಯನವರು

ರಾಜ್ಯೋತ್ಸವದ ದಿನ ನಾವು ಸ್ಮರಿಸುವ ಹಿರಿಯರ ಸಾಲಿನಲ್ಲಿ ಶ್ರೀ ಎಚ್. ವಿ. ನಂಜುಂಡಯ್ಯನವರ ಹೆಸರು ಕೇಳಿಬರುವುದು ಅಪರೂಪ. ಸಾಹಿತ್ಯ ಪರಿಷತ್ತಿನ ಪ್ರಥಮ ಅಧ್ಯಕ್ಷರು ಯಾರೆಂದು ಕೇಳಿದರೆ ನಮ್ಮ ಮಕ್ಕಳು ಥಟ್ಟನೆ ಉತ್ತರ ಹೇಳಿಯಾರು. ಆದರೆ ಆ ಮಹನೀಯರು ಬರೆದುದೇನು ಎಂಬುದು ದೊಡ್ಡವರಾದ ನಮಗೂ ತಿಳಿಯದು.

ಇವರ ಜನನ 1860ರಲ್ಲಿ. ಹೆಸರಿನ ಹಿಂದಿನ ಎರಡು ಅಕ್ಷರಗಳು ಹೆಬ್ಬಳಲು, ವೇಲ್ಪನೂರು ಎಂಬುವನ್ನು ಸೂಚಿಸುತ್ತವೆ. ಎರಡನೆಯದರಲ್ಲಿ ತೆಲುಗಿನ ದನಿ ಕೇಳಿಸುವುದೆಂದು ಹೈದರಾಬಾದಿನಲ್ಲಿರುವ ನಮಗೆ ಯಾರೂ ಹೇಳಬೇಕಾಗಿಲ್ಲ. ಮದರಾಸಿನಲ್ಲಿ ಓದಿ, ನ್ಯಾಯಶಾಸ್ತ್ರದ ಪದವಿ ಪಡೆದು, ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ಚೀಫ್ ಕೋರ್ಟಿನ ನ್ಯಾಯಾಧೀಶರಾದರು, ದಿವಾನರ ಕೌನ್ಸಿಲಿನ ಸದಸ್ಯರಾದರು. ಮತ ಬೇಡಿದ ರಾಜಕಾರಣಿ ಅವರಲ್ಲ. ಅರಮನೆಯ ಆಡಳಿತದಲ್ಲಿ ಪಳಗಿದ ರಾಜಕಾರಣಿ. ರಾಜಮಂತ್ರಪ್ರವೀಣ ಎಂಬುದು ಮಹಾರಾಜರು ಕೊಟ್ಟ ಬಿರುದು.

ಇಂಥವರು ಕನ್ನಡದಲ್ಲಿ ಬರೆದುದು ಕಾವ್ಯವನ್ನಲ್ಲ. ವ್ಯವಹಾರ ದೀಪಿಕೆ, ವ್ಯವಹಾರ ಧರ್ಮಪ್ರಕಾಶ, ಲೇಖ್ಯಬೋಧಿನಿ ಎಂಬ ಹೆಸರುಗಳನ್ನು ನೋಡಿರಿ. ವ್ಯವಹಾರವೆಂದರೆ ಇಲ್ಲಿ ಕಾನೂನು, ಲೇಖ್ಯವೆಂದರೆ ದಸ್ತಾವೇಜು. ಬ್ಯಾಂಕಿನ ಮೇಜಿನ ಹಿಂದೆ ಕುಳಿತು ದಿನವೂ ಜನರಿಂದ ಸಹಿ ಹಾಕಿಸಿಕೊಳ್ಳುವ ನನಗೆ ಇದರ ಬೆಲೆ ಚೆನ್ನಾಗಿ ತಿಳಿದಿದೆ. ಓದಲು ಬಾರದ ಭಾಷೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತುವವನ ಕೈ ನಡುಗುತ್ತದೆ. ನಿಜಾಮರ ಕಾಲದಲ್ಲಿ ಬೀದರ, ಕಲಬುರ್ಗಿ, ರಾಯಚೂರುಗಳ ನಮ್ಮ ಅಜ್ಜಂದಿರ ಪಾಡು ಇದೇ ಆಗಿತ್ತು. ಅಂದಿನ ಕಚೇರಿಯ ಭಾಷೆ ಉರ್ದು.

ಅವರ ಇನ್ನೊಂದು ಕೆಲಸ ಸಮಾಜಶಾಸ್ತ್ರದ್ದು. 1901ರ ಜನಗಣತಿಯ ಬಳಿಕ ದೇಶದಲ್ಲೆಲ್ಲ ಜನಾಂಗಗಳ ಪರಿಶೀಲನೆ ನಡೆಯಿತಷ್ಟೆ. ಮೈಸೂರಿನಲ್ಲಿ ಆ ಭಾರವನ್ನು ಹೊತ್ತವರು ಇವರೇ. ಕುರುಬರು, ಹೊಲೆಯರು, ಅಗಸರು, ಮೊರಸು ಒಕ್ಕಲಿಗರು, ಹೀಗೆ ಒಂದೊಂದು ಜಾತಿಗೆ ಒಂದೊಂದು ಪುಟ್ಟ ಪುಸ್ತಕ. ಮದುವೆ ಹೇಗೆ, ಕೂಡಾವಳಿ ಉಂಟೋ ಇಲ್ಲವೋ, ಹೆಣವನ್ನು ಹೂಳುವರೋ ಸುಡುವರೋ, ತಪ್ಪು ಮಾಡಿದವನಿಗೆ ಕುಲದ ಪಂಚಾಯತಿ ಏನು ದಂಡ ಹಾಕುತ್ತದೆ ಎಂಬುದೆಲ್ಲ ಅಲ್ಲಿ ಬರುತ್ತದೆ. ಬೆಡಗುಗಳ ವಿವರವಂತೂ ರಸವತ್ತಾದುದು. ಮರ, ಪ್ರಾಣಿ, ದಿನಬಳಕೆಯ ವಸ್ತುಗಳ ಹೆಸರುಳ್ಳ ಈ ಬೆಡಗುಗಳಲ್ಲಿ ಒಂದೇ ಬೆಡಗಿನವರು ತಮ್ಮೊಳಗೆ ಹೆಣ್ಣು ತರುವಂತಿಲ್ಲ. ಊರು ಬಿಟ್ಟು ಬಂದ ನಮ್ಮ ಮನೆಗಳಲ್ಲಿ ಮದುವೆಯ ಮಾತು ಎದ್ದಾಗ ಮುದುಕಿಯರು ಇಂದಿಗೂ ಬೆಡಗು ಕೇಳುತ್ತಾರೆ, ಹುಡುಗರು ಮುಖ ಮುಖ ನೋಡಿಕೊಳ್ಳುತ್ತಾರೆ!

ಒಂದು ಕೊರತೆಯನ್ನು ಹೇಳದಿರಲಾರೆ. ಕಾನೂನನ್ನು ಕನ್ನಡಕ್ಕೆ ತಂದವರು ಜಾತಿಗಳ ವಿಷಯವನ್ನು ಬರೆದುದು ಇಂಗ್ಲಿಷಿನಲ್ಲಿ. ಯಾರ ಬದುಕು ಅಲ್ಲಿದೆಯೋ ಅವರು ಅದನ್ನು ಓದುವಂತಿರಲಿಲ್ಲ. ಸರ್ಕಾರದ ಕೆಲಸವಾದ್ದರಿಂದ ಹಾಗಾಯಿತು ಎನ್ನಬಹುದು. ಆದರೂ ಮನಸ್ಸು ಒಪ್ಪುವುದಿಲ್ಲ.

1915ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಪರಿಷತ್ತು ಹುಟ್ಟಿತು. ಮೊದಲ ಮೂರು ಸಮ್ಮೇಳನಗಳಿಗೂ, ಅಂದರೆ 1915, 1916ರಲ್ಲಿ ಬೆಂಗಳೂರಿನಲ್ಲಿ, 1917ರಲ್ಲಿ ಮೈಸೂರಿನಲ್ಲಿ, ಇವರೇ ಅಧ್ಯಕ್ಷರು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆರಂಭವಾದಾಗ ಅದರ ಪ್ರಥಮ ಉಪಕುಲಪತಿಗಳೂ ಇವರೇ. ಅಲ್ಲಿಯ ಪಾಠಗಳು ಇಂಗ್ಲಿಷಿನಲ್ಲಿ ನಡೆದುವು. ಎರಡು ವರ್ಷಗಳ ಮೇಲೆ, 1918ರಲ್ಲಿ, ಈ ನಮ್ಮ ಹೈದರಾಬಾದಿನ ಉಸ್ಮಾನಿಯಾ ಉರ್ದುವಿನಲ್ಲೇ ಉಚ್ಚ ಶಿಕ್ಷಣವನ್ನು ಕೊಡಲು ಹೊರಟಿತು. ಕನ್ನಡಿಗರಿಗೆ ಆ ಧೈರ್ಯ ಅಂದು ಬರಲಿಲ್ಲ.

1920ರ ಮೇ ತಿಂಗಳಲ್ಲಿ ನಂಜುಂಡಯ್ಯನವರು ತೀರಿಕೊಂಡರು. ನಿಜಾಮ ಸಂಸ್ಥಾನದ ಜಾತಿಗಳನ್ನು ಕುರಿತ ಸಯ್ಯದ್ ಸಿರಾಜುಲ್ ಹಸನ್ ಅವರ ಗ್ರಂಥ ಅಚ್ಚಾದುದೂ ಅದೇ ವರ್ಷ. ಮೈಸೂರಿನ ಕೆಲಸ ಮಾತ್ರ ಅರ್ಧಕ್ಕೇ ನಿಂತಿತ್ತು. ಕೊಚ್ಚಿಯ ಜಾತಿಗಳ ಬಗ್ಗೆ ಬರೆದು ಹೆಸರಾದ ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರು ಅದನ್ನು ಕೈಗೆತ್ತಿಕೊಂಡರು. ವಿಶ್ವವಿದ್ಯಾನಿಲಯವೇ ನಾಲ್ಕು ಸಂಪುಟಗಳನ್ನು ಇಬ್ಬರ ಹೆಸರಿನಲ್ಲೂ ಪ್ರಕಟಿಸಿತು. 1928ರಿಂದ ಅವು ಹೊರಬರತೊಡಗಿದುವು. ಮೊದಲನೆಯ ಸಂಪುಟ ಎಲ್ಲಕ್ಕಿಂತ ಕೊನೆಗೆ, 1935ರಲ್ಲಿ ಬಂದಿತು.