ಗಣಿತಸಾರಸಂಗ್ರಹದ ಮಹಾವೀರಾಚಾರ್ಯರು

ರಾಜ್ಯೋತ್ಸವದ ದಿನ ನಾವು ಕವಿಗಳನ್ನು ನೆನೆಯುತ್ತೇವೆ, ಅರಸರನ್ನು ನೆನೆಯುತ್ತೇವೆ. ಲೆಕ್ಕ ಕಲಿಸಿದವರನ್ನು ನೆನೆಯುವುದು ಅಪರೂಪ. ಆದರೆ ಸುಮಾರು 850ರಲ್ಲಿ ಕನ್ನಡ ನಾಡಿನಲ್ಲಿ ರಚಿತವಾದ ಒಂದು ಗಣಿತಗ್ರಂಥವು ದಕ್ಷಿಣ ದೇಶದಲ್ಲಿ ಬಹುಕಾಲ ಪಠ್ಯವಾಗಿ ಮೆರೆಯಿತು. ಅದೇ ಗಣಿತಸಾರಸಂಗ್ರಹ, ಅದರ ಕರ್ತೃ ಜೈನ ವಿದ್ವಾಂಸರಾದ ಮಹಾವೀರಾಚಾರ್ಯರು.

ಅವರು ಬಾಳಿದ್ದು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ. ನೃಪತುಂಗನೆಂದೊಡನೆ ಕವಿರಾಜಮಾರ್ಗವು ನೆನಪಾಗುವುದು ಸಹಜ. ಗುಜರಾತಿನಲ್ಲಿ ನೆಲೆಸಿರುವ ನಾವು ಇನ್ನೊಂದು ಸಂಗತಿಯನ್ನೂ ನೆನಪಿಡಬೇಕು. 814ರಲ್ಲಿ ತಂದೆ ಮೂರನೆಯ ಗೋವಿಂದನು ತೀರಿಕೊಂಡಾಗ ನೃಪತುಂಗನು ಇನ್ನೂ ಬಾಲಕ. ಸಾಮಂತರು ದಂಗೆಯೆದ್ದರು; ಸಿಂಹಾಸನವೇ ಕೈತಪ್ಪಿತು. ಅದನ್ನು ಮರಳಿ ಗೆದ್ದುಕೊಟ್ಟವನು ಚಿಕ್ಕಪ್ಪನ ಮಗನಾದ ಕರ್ಕ ಸುವರ್ಣವರ್ಷ. ಈತನು ಲಾಟ ದೇಶದ, ಎಂದರೆ ಇಂದಿನ ದಕ್ಷಿಣ ಗುಜರಾತಿನ, ಒಡೆಯ. ಇವನ 812ರ ತಾಮ್ರಶಾಸನದಲ್ಲಿ ದಾನವಾದ ವಟಪದ್ರಕವೆಂಬ ಹಳ್ಳಿಯೇ ಇಂದಿನ ವಡೋದರಾ. ಸೂರತ್ ಶಾಸನವೆಂದು ಹೆಸರಾದ 821ರ ದಾನಪತ್ರವು ನವಸಾರಿಯ ಜಿನಾಲಯಕ್ಕೆ ಭೂಮಿ ಕೊಟ್ಟುದನ್ನು ತಿಳಿಸುತ್ತದೆ. ಅಹಮದಾಬಾದು ಹುಟ್ಟಿದ್ದು 1411ರಲ್ಲಿ, ಬಹಳ ತಡವಾಗಿ. ಹೀಗೆ ಉಳಿದ ಸಿಂಹಾಸನದ ಅರಸನನ್ನೇ ಮಹಾವೀರಾಚಾರ್ಯರು ತಮ್ಮ ಗ್ರಂಥದ ಆದಿಯಲ್ಲಿ ಹೊಗಳಿದ್ದಾರೆ.

ಆರ್ಯಭಟ, ಬ್ರಹ್ಮಗುಪ್ತರು ಗಣಿತವನ್ನು ಜ್ಯೋತಿಷದ ಒಂದು ಭಾಗವಾಗಿ ಹೇಳಿದ್ದರು. ಆಚಾರ್ಯರು ಇಡೀ ಗ್ರಂಥವನ್ನು ಗಣಿತಕ್ಕೇ ಮೀಸಲಿಟ್ಟರು. ಅದರಲ್ಲಿ 9 ಅಧ್ಯಾಯಗಳು, 1,100ಕ್ಕೂ ಮಿಕ್ಕ ಶ್ಲೋಕಗಳು. ವ್ಯಾಪಾರ, ಅಡಿಗೆ, ವೈದ್ಯ, ಸಂಗೀತ, ಛಂದಸ್ಸು, ಮನೆಕಟ್ಟುವ ಕೆಲಸ, ಗ್ರಹಗಳ ಗತಿ ಇವೆಲ್ಲಕ್ಕೂ ಗಣಿತ ಬೇಕೆಂದು ಅವರು ಮೊದಲಿಗೇ ವಿವರಿಸುತ್ತಾರೆ. ಸಂಖ್ಯೆಯ 24 ಸ್ಥಾನಗಳಿಗೆ ಹೆಸರಿಟ್ಟರು. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಹೇಳಿದರು. ನೆರಳನ್ನು ಅಳೆದು ಹೊತ್ತನ್ನೂ ಎತ್ತರವನ್ನೂ ತಿಳಿಯುವ ಬಗೆಯನ್ನು ಕೊನೆಯ ಅಧ್ಯಾಯದಲ್ಲಿ ಕಲಿಸಿದರು. ಹಲವು ವಸ್ತುಗಳಿಂದ ಕೆಲವನ್ನು ಆರಿಸುವ ರೀತಿಗಳು ಎಷ್ಟೆಂಬುದಕ್ಕೆ ಸಾಮಾನ್ಯ ಸೂತ್ರವನ್ನೇ ಕೊಟ್ಟರು.

ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆಂದು ಅವರು ಬರೆದುದು ಸರಿಯಲ್ಲ. 1150ರಲ್ಲಿ ಭಾಸ್ಕರಾಚಾರ್ಯರು ಅದನ್ನು ಅನಂತವೆಂದರು. ಇಂದಿನ ಗಣಿತವು ಅಂಥ ಭಾಗಾಕಾರಕ್ಕೆ ಅರ್ಥವೇ ಇಲ್ಲವೆನ್ನುತ್ತದೆ. ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಮುಂದುವರಿಸುವುದೇ ಶಾಸ್ತ್ರದ ದಾರಿ. ಇದರಿಂದ ಆಚಾರ್ಯರ ಹಿರಿಮೆಗೆ ಕುಂದಿಲ್ಲ.

ಗ್ರಂಥದ ಭಾಷೆ ಸಂಸ್ಕೃತ. ಆದರೆ ವಿದ್ಯೆಯು ದೇಶಭಾಷೆಗಳಿಗೆ ಇಳಿಯದೆ ಇರಲಿಲ್ಲ. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಇದನ್ನು ತೆಲುಗಿಗೆ ತಂದನು. 12ನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿಯೇ ವ್ಯವಹಾರಗಣಿತವನ್ನು ರಚಿಸಿದನು. 1912ರಲ್ಲಿ ಎಂ. ರಂಗಾಚಾರ್ಯರು ಮೂಲವನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಅಚ್ಚು ಹಾಕಿಸಿದ ಮೇಲೆ ಹೊರದೇಶದ ವಿದ್ವಾಂಸರೂ ಬೆರಗಾದರು.

ನಮ್ಮ ಮಕ್ಕಳು ಇಲ್ಲಿ ಲೆಕ್ಕವನ್ನು ಗುಜರಾತಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಕಲಿಯುತ್ತಾರೆ. ಅದು ಆಗಬೇಕಾದದ್ದೇ. ಆದರೆ ಕನ್ನಡವೆಂದರೆ ಹಾಡು, ಕಥೆ, ಹಬ್ಬ ಇಷ್ಟೇ ಎಂಬ ಭಾವನೆ ಅವರಲ್ಲಿ ಬೇರೂರಿದರೆ ಅದಕ್ಕೆ ಶಾಲೆ ಹೊಣೆಯಲ್ಲ, ನಾವು ಹೊಣೆ. ಬುದ್ಧಿಗೆ ಕೆಲಸ ಕೊಡುವ ಮಾತೂ ಮನೆಯಲ್ಲಿ ಕನ್ನಡದಲ್ಲಿ ನಡೆಯಬೇಕು. ಆಚಾರ್ಯರದೇ ಒಂದು ಲೆಕ್ಕವಿದೆ: ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಈ ಆರು ರಸಗಳನ್ನು ಒಂದೊಂದಾಗಿಯೂ ಬೆರೆಸಿಯೂ ಎಷ್ಟು ಬಗೆಯ ರುಚಿ ಮಾಡಬಹುದು? ಸಿಹಿಯಾದ ಗುಜರಾತಿ ದಾಳ್ ಮತ್ತು ಹುಳಿಯಾದ ನಮ್ಮ ಸಾರು ಒಟ್ಟಿಗೆ ಬಡಿಸಿದ ದಿನ ಇದನ್ನು ಮಕ್ಕಳಿಗೆ ಕನ್ನಡದಲ್ಲಿಯೇ ಕೇಳೋಣ. ಉತ್ತರ 63; ಅದನ್ನು ಅವರೇ ಕಂಡುಹಿಡಿಯಲಿ.